ಮೂತ್ರಕೃಚ್ಛ್ರವೂ ಸೆಳೆತ ತಗ್ಗಿಸುವ ಮಾತ್ರೆಯೂ

ಹೇಳಿಕೊಳ್ಳಲು ನಾಚುವ ನೋವುಗಳಲ್ಲಿ ಉರಿಮೂತ್ರವೂ ಒಂದು. ಆಯುರ್ವೇದದ ಗ್ರಂಥಗಳು ಇಂಥ ಬಾಧೆಯನ್ನು ಮೂತ್ರಕೃಚ್ಛ್ರವೆಂದು ಕರೆದಿವೆ. ಕೃಚ್ಛ್ರವೆಂದರೆ ಕಷ್ಟ. ಹೆಸರಿಟ್ಟವರು ನೋವನ್ನು ಬಲ್ಲವರೇ ಇರಬೇಕು.

ಮೂತ್ರಕೋಶವು ಸ್ನಾಯುವಿನಿಂದಾದ ಒಂದು ಚೀಲ. ಮೂತ್ರ ತುಂಬುವಾಗ ಆ ಸ್ನಾಯು ಸಡಿಲವಾಗಿದ್ದು ಹಿಗ್ಗಬೇಕು. ಹೊರಹಾಕುವಾಗ ಮಾತ್ರ ಬಿಗಿಯಬೇಕು. ಸೋಂಕು ತಗಲಿ ಒಳಪೊರೆ ಕೆರಳಿತೆಂದರೆ ಈ ಕ್ರಮ ಕೆಡುತ್ತದೆ. ಚೀಲ ಅರೆ ತುಂಬುವ ಮೊದಲೇ ಸ್ನಾಯು ಸೆಟೆದುಕೊಂಡು ರೋಗಿಯನ್ನು ಬಚ್ಚಲಿಗೆ ಓಡಿಸುತ್ತದೆ. ಹೋದರೆ ನಾಲ್ಕು ಹನಿ, ಜೊತೆಗೆ ಉರಿ. ರಾತ್ರಿಯ ನಿದ್ದೆಯಂತೂ ಇಲ್ಲವೇ ಇಲ್ಲ.

ಈ ಸೆಳೆತವನ್ನು ತಗ್ಗಿಸುವ ಔಷಧಗಳಲ್ಲಿ ಫ್ಲಾವೋಕ್ಸೇಟ್ ಎಂಬುದೊಂದು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆತದ್ದು 1970ರಲ್ಲಿ. ಮೂತ್ರಕೋಶದ ಸ್ನಾಯುವನ್ನು ಸಡಿಲಿಸುವುದು ಇದರ ಕೆಲಸ. ವಯಸ್ಕರಿಗೆ 200 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ 3 ಅಥವಾ 4 ಬಾರಿ ವೈದ್ಯರು ಬರೆದುಕೊಡುವುದುಂಟು.

ಆದರೆ ವಾಚಕರು ಒಂದನ್ನು ಮನಸ್ಸಿನಲ್ಲಿಡಬೇಕು. ಹಸಿದ ಮಗುವಿನ ತೊಟ್ಟಿಲು ತೂಗಿದರೆ ಅಳು ನಿಂತೀತು, ಹಸಿವು ಹೋಗದು. ಈ ಮಾತ್ರೆಯೂ ಹಾಗೆಯೇ: ಸೆಳೆತವನ್ನು ಶಮನಮಾಡುತ್ತದೆಯೇ ಹೊರತು ರೋಗಾಣುವನ್ನು ಕೊಲ್ಲುವುದಿಲ್ಲ. ಅದಕ್ಕೆ ಬೇರೆಯೇ ಔಷಧ ಬೇಕು, ಮೂತ್ರಪರೀಕ್ಷೆಯೂ ಬೇಕಾದೀತು. ಉರಿ ಅಡಗಿತೆಂದು ಸುಮ್ಮನಾದವರಲ್ಲಿ ಸೋಂಕು ಮೇಲೇರಿ ಮೂತ್ರಪಿಂಡವನ್ನು ಮುಟ್ಟಬಹುದು. ಚಳಿಜ್ವರ, ಸೊಂಟದ ಮೇಲ್ಭಾಗದ ನೋವು, ವಾಂತಿ ಕಂಡರೆ ತಡಮಾಡಬಾರದು. ಮೂತ್ರದಲ್ಲಿ ರಕ್ತ ಕಂಡರೂ ಅಷ್ಟೆ.

ಹೆಂಗಸರ ಮೂತ್ರನಾಳ ಗಿಡ್ಡದಾದ್ದರಿಂದ ಸೋಂಕು ಅವರಿಗೇ ಹೆಚ್ಚು. ಶಾಲೆಯಲ್ಲಿ ತಕ್ಕ ಶೌಚಾಲಯವಿಲ್ಲದೆ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಮುಟ್ಟದಿರುವುದನ್ನು ಉಪಾಧ್ಯಾಯನಾದ ನಾನು ಬಲ್ಲೆ. ಮಾತ್ರೆಯ ಮಾತಿಗಿಂತ ಮೊದಲು ಆಡಬೇಕಾದ ಮಾತು ಇದು.

ಇನ್ನು, ಅತ್ತೆಗೆ ತಂದ ಮಾತ್ರೆಯಲ್ಲಿ ಉಳಿದುದನ್ನು ಮಾವನಿಗೆ ಕೊಡುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಇದು ಸಲ್ಲದು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ದಾರಿಯನ್ನು ಒತ್ತಿರಬಹುದು. ಅಂಥವರ ಮೂತ್ರಕೋಶದ ಸ್ನಾಯುವನ್ನು ಸಡಿಲಿಸಿದರೆ ಮೂತ್ರ ಪೂರ್ತಿ ಕಟ್ಟಿಕೊಂಡೀತು. ಗ್ಲಾಕೋಮ ಎಂಬ ಕಣ್ಣಿನ ರೋಗವಿದ್ದವರೂ ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಬಾಯಿ ಒಣಗುವುದು, ದೃಷ್ಟಿ ಮಸುಕಾಗುವುದು, ತೂಕಡಿಕೆ ಇವು ಈ ಮಾತ್ರೆಯಿಂದ ಬರಬಹುದಾದ ತೊಂದರೆಗಳು. ಮುದುಕರಿಗೆ ಒಮ್ಮೊಮ್ಮೆ ಬುದ್ಧಿಭ್ರಮೆಯೂ ಆಗುವುದುಂಟು. ಮೂತ್ರ ಹೊರಡದೆ ಕಿಬ್ಬೊಟ್ಟೆ ಉಬ್ಬಿ ನೋಯತೊಡಗಿದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಬೇಕು; ಅಲ್ಲಿ ನಳಿಕೆ ಹಾಕಿ ಮೂತ್ರವನ್ನು ಹೊರತೆಗೆಯುತ್ತಾರೆ.