ದಾರಿಯ ಹಾಡು

ಹಿಂದೆ ಇರುಳಿನಲ್ಲಿ ಎತ್ತಿನ ಗಾಡಿ ಹೊಡೆಯುವವನು ತಾನೇ ಹಾಡಿಕೊಳ್ಳುತ್ತಿದ್ದನು. ಇಂದು ಮೋಟಾರು ನಡೆಸುವವನಿಗೆ ಯಂತ್ರವು ಹಾಡುತ್ತದೆ. ಆ ಹಾಡು ಯಾವುದಿರಬೇಕೆಂಬ ವಿಷಯದಲ್ಲಿ ನಮ್ಮ ಅನುಭವವನ್ನು ವಾಚಕರ ಮುಂದಿಡುತ್ತೇವೆ.

ಶಿವಮೊಗ್ಗೆಯಿಂದ ಸಾಗರದ ಮಾರ್ಗವಾಗಿ ಜೋಗಕ್ಕೆ ಹೊರಟಾಗ ನಾವು ಮೊದಲು ಬಯಸುವುದು ಕೆ. ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ವನ್ನು. ಮೈಸೂರು ಅನಂತಸ್ವಾಮಿಯವರು ರಾಗವಿಟ್ಟ ಈ ಗೀತೆಯು 1978ರಲ್ಲಿ ಧ್ವನಿಸುರುಳಿಯಾಗಿ ಮನೆಮನೆಗೆ ಬಂದಿತು. ಜೋಗವನ್ನೂ ತುಂಗೆಯನ್ನೂ ನೆನೆಯುವ ಹಾಡನ್ನು ಆ ನೆಲದಲ್ಲಿಯೇ ಕೇಳುವ ಸೊಗಸು ಬೇರೆ. ಬಯಲುಸೀಮೆಯ ನೇರ ದಾರಿಗೆ ‘ಬಂಗಾರದ ಮನುಷ್ಯ’ (1972) ಚಿತ್ರದಲ್ಲಿ ಪಿ. ಬಿ. ಶ್ರೀನಿವಾಸರು ಹಾಡಿದ ಗೀತೆಗಳು ಹಿತಕರ. ಆ ಕಂಠದಲ್ಲಿ ಆತುರವಿಲ್ಲದುದರಿಂದ ನಮ್ಮ ಕಾಲಿಗೂ ಆತುರ ಹುಟ್ಟುವುದಿಲ್ಲ.

ಆದರೆ ಘಟ್ಟದ ತಿರುವುಗಳಲ್ಲಿ ಹಾಡನ್ನು ನಿಲ್ಲಿಸತಕ್ಕದ್ದು. ಎದುರು ಬರುವ ಲಾರಿಯ ಹಾರನ್ನೇ ಅಲ್ಲಿ ಕೇಳಬೇಕಾದ ಸಂಗೀತ. ಒಮ್ಮೆ ನಡುರಾತ್ರಿಯಲ್ಲಿ ನಿದ್ದೆಯನ್ನು ಗೆಲ್ಲಲೆಂದು ದನಿಯನ್ನು ಏರಿಸಿದೆವು. ಹಾಡು ಮುಗಿದುದು ನಮಗೆ ತಿಳಿಯಲೇ ಇಲ್ಲ. ಕಣ್ಣು ತೆರೆದಾಗ ಗಾಲಿಯು ಹಾದಿಯ ಅಂಚಿನ ಮಣ್ಣಿಗೆ ಇಳಿದಿತ್ತು. ಹಿಂದಿನ ಆಸನದಲ್ಲಿ ಮಕ್ಕಳು ಮಲಗಿದ್ದರು. ಅಂದಿನಿಂದ ಕಣ್ಣು ಭಾರವಾದೊಡನೆ ಗಾಡಿಯನ್ನು ಬದಿಗೆ ನಿಲ್ಲಿಸಿ 20 ನಿಮಿಷ ಮಲಗುತ್ತೇವೆ. ಹಾಡು ಬೇಸರವನ್ನು ಕಳೆಯಬಲ್ಲುದು, ನಿದ್ದೆಯನ್ನಲ್ಲ.