ಬಟ್ಟೆ ಒಗೆಯುವ ಮೂಲೆ

ಕಳೆದ ಮಳೆಗಾಲದ ಒಂದು ಮುಂಜಾನೆ ನನ್ನ ವರ್ಗದ ವಿದ್ಯಾರ್ಥಿನಿಯೊಬ್ಬಳು ಹಸಿ ಸಮವಸ್ತ್ರದಲ್ಲಿಯೇ ಶಾಲೆಗೆ ಬಂದಿದ್ದಳು. ಮಳೆಯಲ್ಲಿ ನೆನೆದೆಯಾ ಎಂದು ಕೇಳಲು, “ಇಲ್ಲ ಸರ್, ನಿನ್ನೆ ಒಗೆದದ್ದು ಒಣಗಲೇ ಇಲ್ಲ” ಎಂದು ತಲೆ ತಗ್ಗಿಸಿದಳು. ದಿನವಿಡೀ ಆಕೆ ಸೀನುತ್ತಲೇ ಪಾಠ ಕೇಳಿದಳು.

ಆ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ನೀರು ಆವಿಯಾಗುವ ಬಗೆಯನ್ನು ಕರಿಹಲಗೆಯ ಮೇಲೆ ವರ್ಷವರ್ಷವೂ ಬರೆದು ತೋರಿಸುವವನು ನಾನು. ಆದರೆ ನನ್ನ ಮನೆಯ ಮೋರಿಯನ್ನು ಒಮ್ಮೆಯೂ ಆ ದೃಷ್ಟಿಯಿಂದ ನೋಡಿದವನಲ್ಲ. ಅಲ್ಲಿ ನನ್ನ ಹೆಂಡತಿ ಬೆನ್ನು ಬಾಗಿಸಿ ಕುಳಿತು ಒಗೆಯುವುದನ್ನು ಕಂಡೂ ಕಾಣದವನಂತೆ ಪತ್ರಿಕೆ ಓದುತ್ತಿದ್ದೆನು. ಆ ದಿನ ಸಂಜೆ ಅಳತೆಯ ಪಟ್ಟಿಯನ್ನು ಹಿಡಿದು ಮೋರಿಯ ಮುಂದೆ ನಿಂತೆ. ಆಗ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಊರಿನಲ್ಲಿ ನಮ್ಮ ತಾಯಂದಿರಿಗೆ ಹಳ್ಳದ ದಂಡೆಯೇ ಒಗೆಯುವ ಸ್ಥಳವಾಗಿತ್ತು. ಹರಿಯುವ ನೀರು, ಇಳಿಜಾರಾದ ಬಂಡೆ, ಬಿಸಿಲು, ಗಾಳಿ ಇವು ನಾಲ್ಕೂ ಅಲ್ಲಿ ತಾವಾಗಿಯೇ ಕೂಡಿ ಬಂದಿದ್ದವು. ಮುಂಬಯಿಯ ಒಂದು ಖೋಲಿಯ ಮನೆಯಲ್ಲಿ ಅವನ್ನು ನಾವೇ ಕೂಡಿಸಬೇಕಾಗುತ್ತದೆ. ಮಹಾಲಕ್ಷ್ಮಿ ನಿಲ್ದಾಣದ ಬಳಿಯ ಸೇತುವೆಯ ಮೇಲಿಂದ ಧೋಬಿಘಾಟನ್ನು ನೋಡಿದವರಿಗೆ ಈ ಮಾತು ಸ್ಪಷ್ಟವಾದೀತು. ಅಲ್ಲಿ ಸಾಲುಸಾಲಾಗಿ ತೊಟ್ಟಿಗಳು, ತೊಟ್ಟಿಗಳಲ್ಲಿ ಒಗೆಯುವ ಕಲ್ಲು, ಸಮೀಪದಲ್ಲಿಯೇ ಒಣಹಾಕುವ ಹಗ್ಗ. ಬಟ್ಟೆಯು ಒಂದು ಕೆಲಸದಿಂದ ಮುಂದಿನ ಕೆಲಸಕ್ಕೆ ಸಾಗುತ್ತದೆ. ಮನೆಯ ಮೂಲೆಗೂ ಇದೇ ಸೂತ್ರ. ಕೊಳೆಬಟ್ಟೆಯ ಬುಟ್ಟಿ, ನೆನೆಹಾಕುವ ಬಕೀಟು, ಒಗೆಯುವ ಕಲ್ಲು, ಜಾಲಿಸುವ ನೀರು, ಒಣಗಿಸುವ ಹಗ್ಗ ಇವು ಇದೇ ಕ್ರಮದಲ್ಲಿ ಒಂದರ ಪಕ್ಕದಲ್ಲೊಂದು ಇರಬೇಕು.

ಮೊದಲನೆಯದು ನೀರು. ಒಂದು ಲೀಟರು ನೀರಿನ ತೂಕ ಒಂದು ಕಿಲೋ ಎಂಬುದನ್ನು ನಮ್ಮ ಮಕ್ಕಳು ಬಲ್ಲರು. ಹಾಗಾದರೆ 15 ಲೀಟರಿನ 10 ಬಕೀಟು ನೀರನ್ನು ಹೊರಗಿನ ನಳದಿಂದ ಹೊತ್ತು ತರುವ ತಾಯಿಯು ಒಂದು ಮುಂಜಾನೆಗೆ 150 ಕಿಲೋ ಭಾರವನ್ನು ಹೊರುತ್ತಾಳೆ! ನಳದಿಂದ ಮೋರಿಯವರೆಗೆ ಒಂದು ರಬ್ಬರ್ ಕೊಳವೆಯನ್ನು ಹಾಯಿಸಿದರೆ ಈ ಹೊರೆ ಬಹುಮಟ್ಟಿಗೆ ಇಳಿಯುವುದು. ಕೊನೆಯ ಸಲ ಜಾಲಿಸಿದ ನೀರನ್ನು ಚೆಲ್ಲದೆ, ಮರುದಿನದ ಕೊಳೆಬಟ್ಟೆಯನ್ನು ನೆನೆಸಲು ಅಥವಾ ನೆಲ ಒರೆಸಲು ಬಳಸಬಹುದು.

ಎರಡನೆಯದು ಎತ್ತರ. ನೆಲದ ಮೇಲಿನ ಕಲ್ಲಿನಲ್ಲಿ ಒಗೆಯುವವರು ಬೆನ್ನನ್ನೂ ಮೊಣಕಾಲನ್ನೂ ಏಕಕಾಲಕ್ಕೆ ದಣಿಸುತ್ತಾರೆ. ಸ್ಥಳವಿದ್ದಲ್ಲಿ ಸುಮಾರು 75ರಿಂದ 85 ಸೆಂಟಿಮೀಟರ್ ಎತ್ತರದ ಕಟ್ಟೆಯ ಮೇಲೆ ಕಲ್ಲನ್ನು ಕೂಡಿಸಿದರೆ ನಿಂತುಕೊಂಡೇ ಒಗೆಯಬಹುದು. ಸರಿಯಾದ ಎತ್ತರವನ್ನು ಗೌಂಡಿಯ ಮಾತಿನಿಂದಲ್ಲ, ಒಗೆಯುವವರ ದೇಹದಿಂದಲೇ ಅಳೆಯತಕ್ಕದ್ದು. ಸ್ಥಳವಿಲ್ಲದಲ್ಲಿ ಒಂದು ಗಟ್ಟಿ ಮಣೆಯಾದರೂ ಇರಲಿ.

ಮೂರನೆಯದು ನೆಲ. ಪ್ರತಿ ಮೀಟರಿಗೆ ಒಂದೂವರೆ ಸೆಂಟಿಮೀಟರಿನಷ್ಟು ಇಳಿಜಾರು ಇದ್ದರೆ ನೀರು ನಿಲ್ಲದೆ ತೂಬಿನತ್ತ ಹರಿಯುತ್ತದೆ. ಹಾಸುಗಲ್ಲು ನುಣುಪಾಗಿರಬಾರದು, ಸೋಪಿನ ನೀರಿನಲ್ಲಿ ಜಾರಿ ಬಿದ್ದವರು ಎಷ್ಟೋ ಜನ. ತೂಬಿನ ಕೆಳಗೆ ಕೂಡಿಸುವ ಸಾಧನಕ್ಕೆ ‘ನಹಾನಿ ಟ್ರ್ಯಾಪ್’ ಎನ್ನುತ್ತಾರೆ. ಮರಾಠಿಯಲ್ಲಿ ‘ನ್ಹಾಣಿ’ ಎಂದರೆ ಸ್ನಾನದ ಸ್ಥಳ. ಅದರೊಳಗೆ ಸದಾ ಸ್ವಲ್ಪ ನೀರು ನಿಂತಿದ್ದು, ಚರಂಡಿಯ ದುರ್ವಾಸನೆಯೂ ಹುಳುಗಳೂ ಮನೆಯೊಳಗೆ ಬಾರದಂತೆ ತಡೆಯುತ್ತದೆ. ಊರಿಗೆ ಹೋಗಿ ತಿಂಗಳ ಬಳಿಕ ಮರಳಿದಾಗ ಮೋರಿ ನಾರುವುದು ಏಕೆ? ಆ ನೀರು ಆರಿಹೋಗಿರುವುದರಿಂದ. ಒಂದು ಚೊಂಬು ನೀರು ಸುರಿದರೆ ಸಾಕು.

ನಾಲ್ಕನೆಯದು ಯಂತ್ರ. ಇಂದು ಅನೇಕ ಮನೆಗಳಲ್ಲಿ ಬಟ್ಟೆ ಒಗೆಯುವ ಯಂತ್ರವು ಬಂದಿದೆ. ನಳಕ್ಕೆ ನೀರು ನಿಗದಿತ ಹೊತ್ತಿನಲ್ಲಿ ಮಾತ್ರ ಬರುವ ಮನೆಗೆ, ಬಕೀಟಿನಿಂದ ನೀರು ತುಂಬಬಹುದಾದ ಅರೆ-ಸ್ವಯಂಚಾಲಿತ ಯಂತ್ರವೇ ಒಗ್ಗುವುದು. ನೆಲ ಸಮವಾಗಿಲ್ಲದಿದ್ದರೆ ಯಂತ್ರವು ತಿರುಗುವಾಗ ಅದುರುತ್ತದೆ. ವಿದ್ಯುತ್ ಗುಂಡಿ ನೀರು ಸಿಡಿಯದ ಎತ್ತರದಲ್ಲಿರಬೇಕು, ಅರ್ಥಿಂಗ್ ಇರಲೇಬೇಕು, ಹಸಿ ನೆಲದ ಮೇಲೆ ಜೋಡುತಂತಿಯನ್ನು ಎಂದಿಗೂ ಹಾಯಿಸಬಾರದು. ಸೋಪಿನ ಪುಡಿ ಮತ್ತು ಬ್ಲೀಚಿಂಗ್ ದ್ರವ ಮಕ್ಕಳ ಕೈಗೆ ಎಟುಕದ ಹಲಗೆಯ ಮೇಲಿರಲಿ. ಬ್ಲೀಚಿಂಗನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಬೆರೆಸಿದರೆ ಕ್ಲೋರಿನ್ ಎಂಬ ವಿಷಾನಿಲ ಹುಟ್ಟುವುದರಿಂದ, ಅವೆರಡನ್ನು ಜೊತೆಯಲ್ಲಿ ಇಡಲೂಬಾರದು.

ಐದನೆಯದು, ಆ ವಿದ್ಯಾರ್ಥಿನಿಯನ್ನು ಕಾಡಿದ ಪ್ರಶ್ನೆ: ಒಣಗಿಸುವಿಕೆ. ಮುಂಬಯಿಯ ಜುಲೈ ತಿಂಗಳಿನಲ್ಲಿ ಗಾಳಿಯ ಆರ್ದ್ರತೆ ಶೇಕಡಾ 80ನ್ನು ಮೀರುವುದು ಸಾಮಾನ್ಯ. ಮೊದಲೇ ತೇವದಿಂದ ತುಂಬಿದ ಗಾಳಿಯು ಬಟ್ಟೆಯ ನೀರನ್ನು ಬೇಗನೆ ಹೀರಲಾರದು. ಬಟ್ಟೆಯ ಸುತ್ತಲಿನ ಗಾಳಿಯು ಕದಲದೆ ನಿಂತರಂತೂ ಒಣಗುವುದು ಇನ್ನಷ್ಟು ನಿಧಾನ. ಆದುದರಿಂದ ಬಟ್ಟೆಗಳನ್ನು ಒಂದರ ಮೇಲೊಂದು ಹೇರದೆ ನಾಲ್ಕು ಬೆರಳಿನ ಅಂತರದಲ್ಲಿ ಹರಡಬೇಕು. ಕಿಟಕಿಯನ್ನು ತುಸು ತೆರೆದು ಪಂಖವನ್ನು ಅತ್ತ ತಿರುಗಿಸಬೇಕು. ಮಾಡಿಗೆ ತೂಗುಹಾಕಿ ಹಗ್ಗದಿಂದ ಏರಿಳಿಸುವ ಗಳಗಳು ನೆಲದ ಸ್ಥಳವನ್ನು ಬೇಡುವುದಿಲ್ಲ. ಮರುದಿನ ಬೇಕಾದ ಸಮವಸ್ತ್ರವನ್ನು ಶಾಲೆಯಿಂದ ಬಂದೊಡನೆ ಒಗೆದು, ದಪ್ಪ ಟವೆಲಿನಲ್ಲಿ ಸುತ್ತಿ ಹಿಂಡಿದರೆ ಅರ್ಧ ಕೆಲಸ ಮುಗಿದಂತೆ. ಒಲೆಯ ಮೇಲೆ ಬಟ್ಟೆ ತೂಗುಹಾಕುವುದು ಮಾತ್ರ ಬೆಂಕಿಗೆ ಆಮಂತ್ರಣವಿತ್ತಂತೆ.

ಈ ಉಪಾಯಗಳನ್ನು ಪಾಲಕರ ಸಭೆಯಲ್ಲಿ ತಿಳಿಸಿದಾಗ ಆ ಹುಡುಗಿಯ ತಾಯಿ ನಕ್ಕು, “ಇದೆಲ್ಲಾ ನನಗೂ ಗೊತ್ತದ ಸರ್, ಮಾಡಾಕ ಇನ್ನೆರಡು ಕೈ ಬೇಕಲ್ಲ” ಎಂದರು. ನನ್ನ ಯೋಜನೆಯಲ್ಲಿ ಬಿಟ್ಟುಹೋಗಿದ್ದ ಆರನೆಯ ಅಂಶ ಅದೇ ಆಗಿತ್ತು. ಎಷ್ಟೇ ಚೆನ್ನಾಗಿ ಕಟ್ಟಿದ ಮೋರಿಯೂ ಒಬ್ಬಳೇ ದುಡಿಯುವ ಸ್ಥಳವಾದರೆ ಅರ್ಧ ಯೋಜನೆಯೇ ಸರಿ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮಗೊಂದು ಮನೆಗೆಲಸ. ನಿಮ್ಮ ಮನೆಯಲ್ಲಿ ಒಂದು ದಿನಕ್ಕೆ ಎಷ್ಟು ಬಕೀಟು ನೀರು ಹೊರುತ್ತಾರೆಂಬುದನ್ನು ಎಣಿಸಿ, ಕಿಲೋಗಳಲ್ಲಿ ಲೆಕ್ಕ ಹಾಕಿರಿ. ಮರುದಿನ ಅದರಲ್ಲಿ ಅರ್ಧವನ್ನು ನೀವು ಹೊರಿರಿ. ಹುಡುಗರಿಗೂ ಈ ಲೆಕ್ಕ ಅನ್ವಯಿಸುತ್ತದೆ. ನಮ್ಮ ಮನೆಯಲ್ಲಿ ಈಗ ರವಿವಾರದ ಒಗೆಯುವಿಕೆ ನನ್ನ ಪಾಲಿಗೆ ಬಂದಿದೆ. ಕಟ್ಟೆಯ ಎತ್ತರ ಮಾತ್ರ ನನ್ನ ಹೆಂಡತಿಯ ಅಳತೆಯದೇ.