ಕೆಂಪು ಹಿಡಿಯ ಪಕ್ಕಡ

ಹೋದ ದೀಪಾವಳಿಗೆ ಪುಣೆಯಿಂದ ಗದಗಿಗೆ ಹೋದಾಗ ದೊಡ್ಡಪ್ಪನ ಮಗ, ನಮ್ಮಣ್ಣ, ಪಡಸಾಲೆಯ ಸ್ವಿಚ್ ಬೋರ್ಡ್ ಬಿಚ್ಚಿಕೊಂಡು ಸ್ಟೂಲಿನ ಮೇಲೆ ನಿಂತಿದ್ದ. ಮೂವತ್ತು ವರ್ಷದಿಂದ ಮನೆ ವೈರಿಂಗ್ ಮಾಡಿಕೊಂಡು ಬಂದವನು. ಕೈಯಲ್ಲಿ ಕೆಂಪು ಹಿಡಿಯ ಹೊಸ ಪಕ್ಕಡ. ಫ್ಯಾನ್ ಇನ್ನೂ ತಿರುಗುತ್ತಿತ್ತು.

‘ಅಣ್ಣಾ, ಮೇನ್ ಬಂದ್ ಮಾಡಿಲ್ಲೇನು?’ ಅಂದೆ.

‘ಯಾಕ ಮಾಡಬೇಕೋ ತಮ್ಮಾ? ಹಿಡಿಕಿ ಪ್ಲಾಸ್ಟಿಕಿಂದೈತಿ ನೋಡು. ನಿಮ್ಮ ಫ್ಯಾಕ್ಟರ್‍ಯಾಗ ಇದನ್ನ ಅಲ್ಲೇನು ಮಾಡೂದು? ಕರೆಂಟ್ ಹೊಡಿಯಾಂಗಿಲ್ಲ’ ಎಂದು ನಕ್ಕ.

ನನಗೆ ನಗು ಬರಲಿಲ್ಲ. ಮೊದಲು ಹೋಗಿ ಮೇನ್ ಆಫ್ ಮಾಡಿದೆ.

ಹದಿನಾಲ್ಕು ವರ್ಷದಿಂದ ನಾನು ಭೋಸರಿಯ ಸಣ್ಣದೊಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ಲೋಹದ ಸಾಮಾನಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದು ನಮ್ಮ ಕಸುಬು. ಪಕ್ಕಡದ ಹಿಡಿ, ಅಡುಗೆಮನೆಯ ತಂತಿ ಸ್ಟ್ಯಾಂಡು, ಗೋಡೆಯ ಕೊಕ್ಕೆ, ಎಲೆಕ್ಟ್ರೋಪ್ಲೇಟಿಂಗ್‌ನವರ ಜಿಗ್ಗು, ಹೀಗೆ ಏನೇನೋ ಬರುತ್ತವೆ. ಅಣ್ಣನ ಪಕ್ಕಡ ನಮ್ಮಲ್ಲಿಂದ ಹೋದದ್ದೋ ಅಲ್ಲವೋ, ಹೊದಿಕೆಯಂತೂ ಅದೇ ಜಾತಿಯದು. ಕೈಗೆ ಮೆತ್ತಗಿರಲಿ, ಜಾರದಿರಲಿ ಎಂದು ಹಾಕುವಂಥದ್ದು. ಕರೆಂಟಿನಿಂದ ಜೀವ ಉಳಿಸಲಿ ಎಂದಲ್ಲ.

ಕೆಲಸ ನೋಡುವುದಕ್ಕೆ ಬಲು ಸುಲಭ. ಪಿವಿಸಿ ಪುಡಿಯನ್ನು ಎಣ್ಣೆಯಂಥ ಪ್ಲಾಸ್ಟಿಸೈಜರ್‌ನಲ್ಲಿ ಕಲಸಿ ಟ್ಯಾಂಕಿನಲ್ಲಿ ತುಂಬಿಟ್ಟಿರುತ್ತೇವೆ. ಇದಕ್ಕೆ ಪ್ಲಾಸ್ಟಿಸಾಲ್ ಎನ್ನುತ್ತಾರೆ. ನಮ್ಮ ಕಡೆಯ ಮಿರ್ಚಿ ಭಜಿ ಹಿಟ್ಟು ನೆನಪಿಸಿಕೊಂಡರೆ ಸಾಕು. ಒಂದೇ ವ್ಯತ್ಯಾಸವೆಂದರೆ ಭಜಿಯಲ್ಲಿ ತಣ್ಣನೆ ಮೆಣಸಿನಕಾಯಿಯನ್ನು ಹಿಟ್ಟಲ್ಲಿ ಅದ್ದಿ ಕಾದ ಎಣ್ಣೆಗೆ ಬಿಡುತ್ತೇವೆ. ಇಲ್ಲಿ ಕಾದಿರಬೇಕಾದದ್ದು ಮೆಣಸಿನಕಾಯಿಯೇ. ಕಬ್ಬಿಣವನ್ನು ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಟ್ಯಾಂಕಿಗೆ ಇಳಿಸಿದರೆ, ಆ ಕಾವಿಗೆ ಸುತ್ತಲಿನ ಹಿಟ್ಟು ಗಟ್ಟಿಯಾಗಿ ಮೈಗೆ ಹತ್ತಿಕೊಳ್ಳುತ್ತದೆ. ಗಡಬಡಿಸಿ ಇಳಿಸಿದರೆ ಗಾಳಿ ಸಿಕ್ಕಿಕೊಂಡು ಗುಳ್ಳೆ. ಗಡಬಡಿಸಿ ಎತ್ತಿದರೆ ಹೊದಿಕೆ ಇಳಿದು ತುದಿಯಲ್ಲಿ ತೊಟ್ಟಿಕ್ಕಿ ನಿಲ್ಲುತ್ತದೆ. ಎತ್ತಿದ ಮೇಲೆ ಮತ್ತೊಮ್ಮೆ ಓವನ್. ಅಲ್ಲಿ ಕಾವು ಸಾಲದಿದ್ದರೆ ಹೊದಿಕೆ ಉಗುರಿಗೇ ಕಿತ್ತು ಬರುತ್ತದೆ. ಹೆಚ್ಚಾದರೆ ಹಳದಿಗಟ್ಟಿ, ಕಂದಾಗಿ, ಆಮ್ಲದ ಹೊಗೆ ಬಿಡುತ್ತದೆ. ಆ ಹೊಗೆ ಒಮ್ಮೆ ಮೂಗಿಗೆ ಹೊಡೆದರೆ ಜನ್ಮದಲ್ಲಿ ಮರೆಯುವುದಿಲ್ಲ.

ಹೊದಿಕೆ ಎಷ್ಟು ದಪ್ಪ ಬರುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಕಬ್ಬಿಣ ತನ್ನೊಳಗೆ ಹಿಡಿದಿಟ್ಟುಕೊಂಡ ಕಾವು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಕಲಿತದ್ದು ಮಾತ್ರ ಒಂದು ಪೆಡೆಸ್ಟಲ್ ಫ್ಯಾನಿನಿಂದ.

ಕೆಲವು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಓವನ್ ಬಾಯಲ್ಲಿ ನಿಲ್ಲುವ ಹುಡುಗರ ಅಂಗಿ ಬೆವರಿ ಮೈಗೆ ಅಂಟಿರುತ್ತಿತ್ತು. ಮಾಲೀಕರ ಹತ್ತಿರ ವಾದ ಮಾಡಿ ಫ್ಯಾನ್ ತರಿಸಿದವನು ನಾನೇ. ಓವನ್‌ಗೂ ಟ್ಯಾಂಕಿಗೂ ನಡುವೆ ನಿಲ್ಲಿಸಿದವನೂ ನಾನೇ. ಮಾರನೇ ದಿನದಿಂದ ತಂತಿ ಸ್ಟ್ಯಾಂಡುಗಳ ಹೊದಿಕೆ ತೆಳುವಾಗತೊಡಗಿತು. ದಪ್ಪ ಚೌಕಟ್ಟಿನ ಮೇಲೆ ಸರಿಯಾಗಿದೆ, ನಡುವಿನ ಸಣ್ಣ ತಂತಿಗಳ ಮೇಲೆ ಕಬ್ಬಿಣ ಇಣುಕುತ್ತಿದೆ. ಹಿಟ್ಟು ಬದಲಿಸಿದೆವು, ಓವನ್‌ನ ಥರ್ಮೋಕಪಲ್ ಬಿಚ್ಚಿ ನೋಡಿದೆವು, ಪ್ರೈಮರ್ ಕೊಟ್ಟವರ ಜೊತೆ ಫೋನಿನಲ್ಲಿ ಜಗಳವನ್ನೂ ಆಡಿದೆ. ಎರಡು ದಿನದ ಮಾಲು ರಿಜೆಕ್ಟ್.

ಕೊನೆಗೆ ಹಿಡಿದದ್ದು ನಮ್ಮ ಟ್ಯಾಂಕ್ ಆಪರೇಟರ್. ಬೀದರ್ ಕಡೆಯವರು, ಮರಾಠಿಯಲ್ಲಿ ಕೆಲಸ, ನನ್ನ ಜೊತೆ ಮಾತ್ರ ಕನ್ನಡ. ‘ಸಾಹೇಬ್ರ, ಫ್ಯಾನ್ ಬಂದಾಗಿಂದೇ ಹಿಂಗ ಆಗ್ಲತದ’ ಅಂದರು. ಓವನ್‌ನಿಂದ ಟ್ಯಾಂಕಿಗೆ ಬರುವ ಆ ಕೆಲವೇ ಸೆಕೆಂಡಿನಲ್ಲಿ ಗಾಳಿ ತಾಗಿ ಸಣ್ಣ ತಂತಿ ಆರಿಹೋಗುತ್ತಿತ್ತು. ದಪ್ಪ ಕಂಬಿಗೆ ಏನೂ ಆಗುತ್ತಿರಲಿಲ್ಲ.

ಮಾಲೀಕರು ಫ್ಯಾನ್ ತೆಗೆಸಿ ಅಂದರು. ಅವರ ಲೆಕ್ಕ ಅವರಿಗೆ. ಆದರೆ ಆ ಹುಡುಗರ ಮುಖ ನೋಡಿಕೊಂಡು ಫ್ಯಾನ್ ಎತ್ತಿಸಲು ನನಗೆ ಬಾಯಿ ಬರಲಿಲ್ಲ. ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ತಗಡು ತಂದು ಮಾಲು ಹೋಗುವ ದಾರಿಗೆ ಅಡ್ಡ ಕಟ್ಟಿಸಿದೆ. ಗಾಳಿ ಈಗ ಹುಡುಗರಿಗೆ ತಾಗುತ್ತದೆ, ತಂತಿಗಲ್ಲ. ಆ ತಗಡು ಇವತ್ತಿಗೂ ಅಲ್ಲೇ ಇದೆ.

ಮುಂಬೈ, ಪುಣೆಯ ಬಾಡಿಗೆ ಮನೆಗಳಲ್ಲಿ ಬಿಳಿ ಹೊದಿಕೆಯ ಪಾತ್ರೆ ಸ್ಟ್ಯಾಂಡು ಇಟ್ಟುಕೊಂಡವರು ಬಹಳ. ಎರಡು ವರ್ಷಕ್ಕೆ ಕಾಲಿನ ಬುಡದಲ್ಲಿ ಕಂದು ನೀರು ಇಳಿಯುತ್ತದೆ ಎಂಬ ದೂರೂ ಬಹಳ. ಅದು ಅಲ್ಲೇ ಯಾಕೆ ಎಂದರೆ, ಕತ್ತರಿಸಿದ ತಂತಿಯ ಚೂಪು ಅಂಚಿನ ಮೇಲೆ ಹೊದಿಕೆ ತೆಳುವಾಗಿ ಕೂರುತ್ತದೆ. ನೆಲಕ್ಕೆ ಉಜ್ಜಿ ಮೊದಲು ಹರಿಯುವುದೂ ಅದೇ. ಒಮ್ಮೆ ನೀರು ಒಳಹೊಕ್ಕರೆ ತುಕ್ಕು ಹೊದಿಕೆಯ ಕೆಳಗೇ ತೆವಳುತ್ತ ಹೋಗುತ್ತದೆ. ಮೇಲೆ ಬಿಳಿ ಬಣ್ಣ ಮಿರಮಿರ ಮಿಂಚುತ್ತಲೇ ಇರುತ್ತದೆ. ಅದ್ದುವ ಮೊದಲು ಜಿಡ್ಡು ತೊಳೆಯದಿದ್ದರೆ, ಪ್ರೈಮರ್ ಹಚ್ಚದಿದ್ದರೆ ಇನ್ನೂ ಬೇಗ. ಒದ್ದೆ ಮೆಣಸಿನಕಾಯಿಗೆ ಹಿಟ್ಟು ನಿಲ್ಲುತ್ತದೆಯೇ? ಅಂಗಡಿಯಲ್ಲಿ ಕೊಳ್ಳುವಾಗ ಮೇಲಿನ ಹೊಳಪು ನೋಡಬೇಡಿ. ತಿರುಗಿಸಿ ಕಾಲಿನ ತುದಿ ಮತ್ತು ವೆಲ್ಡಿಂಗ್ ಕೂಡಿದ ಜಾಗ ನೋಡಿ.

ಹಿಟ್ಟಿನಲ್ಲೇ ಅದ್ದಬೇಕೆಂದೂ ಇಲ್ಲ. 1950ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಎಂಬಾತ ಒಣ ಪುಡಿಯಲ್ಲೇ ಅದ್ದುವ ಉಪಾಯ ಕಂಡುಹಿಡಿದ. ತೊಟ್ಟಿಯ ತಳದಿಂದ ಗಾಳಿ ಊದಿದರೆ ಪುಡಿ ನೀರಿನ ಹಾಗೆ ಕುದಿಯುತ್ತದೆ, ಕಾದ ಲೋಹ ಅದರಲ್ಲಿ ಸಲೀಸಾಗಿ ಮುಳುಗುತ್ತದೆ. ಪಾತ್ರೆ ತೊಳೆಯುವ ಯಂತ್ರದ ಬುಟ್ಟಿಗಳಿಗೆ ಹೀಗೆ ನೈಲಾನ್ 11 ಪುಡಿ ಹಾಕುವುದುಂಟು. ಆ ನೈಲಾನಿನ ಮೂಲ ಔಡಲ ಎಣ್ಣೆ! ಹೊಲದ ಬದುವಿನಲ್ಲಿ ನಮ್ಮಜ್ಜಿ ಬೆಳೆಯುತ್ತಿದ್ದ ಔಡಲ ಇಷ್ಟು ದೂರ ಬರುತ್ತದೆಂದು ನನಗೂ ಇಲ್ಲಿಗೆ ಬಂದ ಮೇಲೇ ತಿಳಿದದ್ದು.

ಅಣ್ಣನ ವಿಷಯಕ್ಕೆ ಬರುತ್ತೇನೆ. ಸಾಮಾನ್ಯ ಪಕ್ಕಡದ ಹಿಡಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ನಾವು ಪಾಸ್ ಮಾಡುತ್ತೇವೆ. ಅದನ್ನು ಕರೆಂಟಿಗೆಂದು ಯಾರೂ ಪರೀಕ್ಷಿಸಿರುವುದಿಲ್ಲ. ಕರೆಂಟಿನ ಕೆಲಸಕ್ಕೆಂದೇ ಬರುವ ಉಪಕರಣ ಬೇರೆ. ಅದನ್ನೂ ಹಲವು ಸಲ ಹೀಗೆಯೇ ಅದ್ದಿ ತೆಗೆಯುತ್ತಾರೆ. ಆದರೆ ಐಇಸಿ 60900 ಎಂಬ ಮಾನದಂಡದಂತೆ ಪ್ರತಿಯೊಂದನ್ನೂ 10,000 ವೋಲ್ಟ್ ಕೊಟ್ಟು ಪರೀಕ್ಷಿಸಬೇಕು. ಅದರ ಮೇಲೆ ಜೋಡಿ ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್ ಎಂಬ ಅಚ್ಚು ಇರುತ್ತದೆ. ಬೆರಳು ಲೋಹದ ಕಡೆ ಜಾರದಂತೆ ಹಿಡಿಯಲ್ಲಿ ಒಂದು ದಿಬ್ಬವೂ ಇರುತ್ತದೆ. ಕೆಲವಕ್ಕೆ ಎರಡು ಪದರ, ಒಳಗೆ ಹಳದಿ, ಹೊರಗೆ ಕೆಂಪು. ಒಳಗಿನ ಹಳದಿ ಕಂಡಿತೆಂದರೆ ಅದರ ಆಯುಸ್ಸು ಮುಗಿಯಿತು.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ‘ಮೂವತ್ತು ವರ್ಷ ಏನೂ ಆಗಿಲ್ಲೋ’ ಅಂದ. ಅತ್ತಿಗೆ ಒಳಗಿನಿಂದಲೇ, ‘ಆಗೂದು ಒಂದಽ ಸಲ ರೀ’ ಅಂದರು. ಪುಣೆಗೆ ಬಂದವನೇ ಅಂಥದ್ದೊಂದು ಪಕ್ಕಡ ಕೊಂಡು, ಮೇನ್ ಬಂದ್ ಮಾಡಿಯೇ ಬಳಸು ಎಂದು ಚೀಟಿ ಬರೆದಿಟ್ಟು ಪಾರ್ಸೆಲ್ ಮಾಡಿದೆ.

ಹೋದ ವಾರ ಅವನ ಫೋನು.

‘ತಮ್ಮಾ, ಒಳಗಿನ ಹಳದಿ ಸಣ್ಣಗ ಕಾಣಾಕತ್ತೈತಿ. ಟೇಪ್ ಸುತ್ತಲೇನು?’

‘ಬ್ಯಾಡಣ್ಣಾ, ಒಗದಬಿಡು. ಬ್ಯಾರೇದು ಕಳಸ್ತೀನಿ.’

‘ಛಲೋ ಐತಲ್ಲೋ ಇನ್ನಾ’ ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆತು, ಅದು ಬರೂತನಕ ಮೇನ್ ಬಂದ್ ಮಾಡಿನಽ ಮಾಡ್ತೀನಿ’ ಅಂದ.

‘ಬಂದ ಮ್ಯಾಲೂ ಅಣ್ಣಾ’ ಅಂದೆ.